ಕುಲ್ಯಾನ್ಯಾಯವೂ ತಲಕಾಡಿನ ಮರಳೂ

೧

ವ್ಯಾಕರಣಮಹಾಭಾಷ್ಯದಲ್ಲಿ ಪತಂಜಲಿಯು ಒಂದು ಲೌಕಿಕ ದೃಷ್ಟಾಂತವನ್ನು ಹೇಳಿದ್ದಾನೆ. ಜನರು ಕಾಲುವೆಗಳನ್ನು ತೆಗೆಯುವುದು ಬತ್ತದ ಬೆಳೆಗಾಗಿ. ಆದರೆ ಆ ಕಾಲುವೆಗಳಲ್ಲಿಯೇ ದಾರಿಹೋಕರು ನೀರು ಕುಡಿಯುತ್ತಾರೆ, ಆಚಮನವನ್ನೂ ಮಾಡುತ್ತಾರೆ. ಒಂದು ಪ್ರಯೋಜನಕ್ಕೆಂದು ಮಾಡಿದ ಕಾರ್ಯವು ಕರ್ತೃವು ಸಂಕಲ್ಪಿಸದೆ ಇದ್ದ ಮತ್ತೊಂದು ಪ್ರಯೋಜನಕ್ಕೂ ಒದಗುತ್ತದೆ ಎಂಬುದು ಇದರ ತಾತ್ಪರ್ಯ. ಶಾಸ್ತ್ರಕಾರರು ಇದನ್ನು ಕುಲ್ಯಾನ್ಯಾಯವೆಂದು ವ್ಯವಹರಿಸುತ್ತಾರೆ. ಅದೇ ಮಹಾಭಾಷ್ಯದಲ್ಲಿ ಇದಕ್ಕೆ ಜೊತೆಯಾಗಬಲ್ಲ ಇನ್ನೊಂದು ದೃಷ್ಟಾಂತವೂ ಇದೆ. ಅನ್ನವನ್ನು ಬಯಸುವವನು ಬತ್ತದ ಕಟ್ಟನ್ನು ಮನೆಗೆ ತರುವಾಗ ಹೊಟ್ಟನ್ನೂ ಹುಲ್ಲನ್ನೂ ಕೂಡಿಯೇ ತರುತ್ತಾನೆ. ಅವು ಅವನಿಗೆ ಬೇಕಾದುವಲ್ಲ, ಆದರೂ ಬಿಟ್ಟು ಬರಲಾರದುವು. ಹೀಗೆ ಬೇಡದೆ ಬಂದರೂ ಬಿಡಿಸಲಾಗದಂತೆ ಅಂಟಿಕೊಂಡು ಬರುವುದನ್ನು ನಾಂತರೀಯಕವೆಂದು ಹೆಸರಿಸಿದ್ದಾರೆ.

ಈ ಎರಡು ದೃಷ್ಟಾಂತಗಳಲ್ಲಿ ಮೊದಲನೆಯದು ಸಂಕಲ್ಪಿಸದ ಲಾಭವನ್ನೂ ಎರಡನೆಯದು ಸಂಕಲ್ಪಿಸದ ಭಾರವನ್ನೂ ತಿಳಿಸುತ್ತವೆ. ಆದರೆ ಎರಡರಲ್ಲಿಯೂ ಒಂದು ಸಾಮ್ಯವುಂಟು. ಕಾಲುವೆಯ ನೀರನ್ನು ಕುಡಿಯುವವನನ್ನು ಕಾಲುವೆ ತೆಗೆದವನು ತನ್ನ ಕಣ್ಣಿನಿಂದಲೇ ನೋಡಬಲ್ಲನು. ಹುಲ್ಲಿನ ಭಾರವನ್ನು ಬತ್ತ ಹೊತ್ತವನೇ ಹೊರುತ್ತಾನೆ. ಫಲವು ಕರ್ಮಕ್ಕೆ ಸಮೀಪದಲ್ಲಿಯೇ ಇದೆ. ಕರ್ಮವನ್ನು ಮಾಡಿದವನು ಕಾಲಾಧೀನನಾಗಿ, ಅವನ ಮಕ್ಕಳೂ ಮೊಮ್ಮಕ್ಕಳೂ ಕಳೆದು, ಕರ್ಮದ ನೆನಪೇ ಮಾಸಿದ ಮೇಲೆ ಫಲವು ಮತ್ತೊಂದು ಊರಿನವರ ಬಾಗಿಲಿಗೆ ಬಂದರೆ ಏನಾಗುತ್ತದೆ? ಆ ಫಲವನ್ನು ಜನರು ಯಾರಿಗೆ ಅನ್ವಯಿಸುತ್ತಾರೆ? ಕನ್ನಡ ನಾಡಿನ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಕೊಡತಕ್ಕ ಸ್ಥಳವೊಂದಿದೆ. ಅದು ಕಾವೇರೀತೀರದ ತಲಕಾಡು. ಅಲ್ಲಿಯೂ ಪತಂಜಲಿಯ ದೃಷ್ಟಾಂತದಲ್ಲಿರುವಂತೆ ಬತ್ತವಿದೆ, ಕಾಲುವೆಯಿದೆ. ಆದರೆ ಕಾಲುವೆಯ ಸಂಗಡ ಬಂದದ್ದು ಕುಡಿಯುವ ನೀರು ಮಾತ್ರವಲ್ಲ, ಊರನ್ನು ನುಂಗಿದ ಮರಳು.

೨

ತಲಕಾಡು ಮೈಸೂರಿಗೆ ಆಗ್ನೇಯದಲ್ಲಿ, ತಿರುಮಕೂಡಲು ನರಸೀಪುರದ ತಾಲ್ಲೂಕಿನಲ್ಲಿ, ಕಾವೇರಿಯ ಎಡದಂಡೆಯ ಮೇಲಿದೆ. ಸಂಸ್ಕೃತ ಶಾಸನಗಳಲ್ಲಿ ಇದನ್ನು ತಳವನಪುರವೆಂದು ಕರೆದಿದ್ದಾರೆ. ಕೋಲಾರದಿಂದ ಆಳುತ್ತಿದ್ದ ಗಂಗರು ತಮ್ಮ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಶತಮಾನಗಳ ಕಾಲ ಇದು ಆ ವಂಶದ ಮುಖ್ಯ ನಗರವಾಗಿದ್ದಿತು. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರು ಇದನ್ನು ಹಿಡಿದು ರಾಜರಾಜಪುರವೆಂದು ಹೆಸರಿಟ್ಟರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಚೋಳರನ್ನು ಇಲ್ಲಿಂದ ಹೊರಡಿಸಿದನು. ಆ ವಿಜಯದಿಂದ ವಿಷ್ಣುವರ್ಧನನಿಗೆ ತಲಕಾಡುಗೊಂಡನೆಂಬ ಬಿರುದು ಸಂದಿತು. ಅದರ ನೆನಪಿಗಾಗಿ ೧೧೧೭ರಲ್ಲಿ ಅವನು ಕೀರ್ತಿನಾರಾಯಣನನ್ನು ಇಲ್ಲಿ ಪ್ರತಿಷ್ಠೆ ಮಾಡಿಸಿದನು. ಹೊಯ್ಸಳರ ತರುವಾಯ ನಗರವು ವಿಜಯನಗರದ ಆಳ್ವಿಕೆಗೆ ಒಳಪಟ್ಟಿತು.

ಹೀಗೆ ಮೂರು ರಾಜವಂಶಗಳು ಒಂದಾದ ಮೇಲೊಂದರಂತೆ ಆಸೆಪಟ್ಟು ಹಿಡಿದ ಪಟ್ಟಣವು ಈಗ ಇರುವ ರೀತಿಯೇ ಬೇರೆ. ಹಳೆಯ ಊರು ಸುಮಾರು ಒಂದು ಮೈಲಿಯುದ್ದದ ಮರಳುದಿಬ್ಬಗಳ ಕೆಳಗೆ ಹೂತುಹೋಗಿದೆ. ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲಿ ಇದರ ವಿವರಣೆಯುಂಟು. ಮರಳು ವರ್ಷಕ್ಕೆ ೯ ಅಥವಾ ೧೦ ಅಡಿಗಳಂತೆ ಊರಿನ ಮೇಲೆ ಮುಂಬರಿಯುತ್ತಿದ್ದಿತೆಂದೂ, ಮುಖ್ಯವಾಗಿ ಮುಂಗಾರಿನ ನೈರುತ್ಯ ಮಾರುತದ ಕಾಲದಲ್ಲಿ ಹೀಗಾಗುತ್ತಿದ್ದಿತೆಂದೂ, ನಿವಾಸಿಗಳು ಮತ್ತೆ ಮತ್ತೆ ತಮ್ಮ ಮನೆಗಳನ್ನು ತೊರೆದು ಒಳನಾಡಿನ ಕಡೆಗೆ ಸರಿಯಬೇಕಾಗುತ್ತಿದ್ದಿತೆಂದೂ ಅಲ್ಲಿ ಹೇಳಿದೆ. ಮೂವತ್ತಕ್ಕಿಂತ ಹೆಚ್ಚು ದೇವಾಲಯಗಳು ಮರಳಿನ ಅಡಿಯಲ್ಲಿವೆಯೆಂಬ ಪ್ರತೀತಿಯುಂಟು. ವೈದ್ಯೇಶ್ವರನ ಆಲಯವು ಮರಳಿಗೆ ಸಿಕ್ಕದೆ ಉಳಿಯಿತು. ಪಾತಾಳೇಶ್ವರ ಮರುಳೇಶ್ವರರ ದರ್ಶನಕ್ಕೆ ಯಾತ್ರಿಕರು ಮರಳನ್ನು ಅಗೆದು ಬಿಡಿಸಿದ ತಗ್ಗುಗಳಿಗೆ ಇಳಿಯಬೇಕು. ಕಾರ್ತಿಕ ಸೋಮವಾರದ ವಿಶೇಷ ಯೋಗದಲ್ಲಿ ಜರಗುವ ಪಂಚಲಿಂಗದರ್ಶನವು ೨೦೦೯, ೨೦೧೩, ೨೦೨೦ನೆಯ ವರ್ಷಗಳಲ್ಲಿಯೂ ನಡೆದಿದೆ.

ಮನೆಯನ್ನು ಕಳ್ಳರು ದೋಚಿದರೆ ಅಥವಾ ಶತ್ರುಸೈನ್ಯವು ಸುಟ್ಟರೆ ಅದನ್ನು ಮತ್ತೆ ಕಟ್ಟಬಹುದು. ವರ್ಷಕ್ಕೆ ಹತ್ತಡಿಯಂತೆ ಬರುವ ಮರಳಿನ ಎದುರಿನಲ್ಲಿ ಆ ಧೈರ್ಯವೂ ಉಳಿಯುವುದಿಲ್ಲ. ತಂದೆಯು ಕಟ್ಟಿದ ಮನೆಯಲ್ಲಿ ತಾನು ಸಾಯುವೆನೆಂಬ ಭರವಸೆಯಿಲ್ಲದೆ ಈ ಊರಿನಲ್ಲಿ ಎಷ್ಟೋ ತಲೆಮಾರುಗಳು ಬದುಕಿದುವು. ಇಂಥ ಕಷ್ಟಕ್ಕೆ ಕಾರಣವೇನೆಂದು ಜನರು ಕೇಳಿಕೊಳ್ಳುವುದು ಸಹಜವೇ ಆಗಿದೆ.

೩

ತಲಕಾಡಿನಿಂದ ಮೇಲುಗಡೆ ಕಾವೇರಿಗೆ ಅಡ್ಡಲಾಗಿ ಪ್ರಾಚೀನವಾದ ಅಣೆಕಟ್ಟೊಂದುಂಟು. ಇದಕ್ಕೆ ಮಾಧವಮಂತ್ರಿಯ ಕಟ್ಟೆಯೆಂದು ಹೆಸರು. ಇದರಿಂದ ಹೊರಡುವ ಕಾಲುವೆಯು ತಲಕಾಡಿನ ಸುತ್ತಣ ಗದ್ದೆಗಳಿಗೆ ನೀರುಣ್ಣಿಸುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರ ರಾಜ್ಯದ ಆದಿಕಾಲದಲ್ಲಿ, ಮಾಧವಮಂತ್ರಿಯು ಇದನ್ನು ಕಟ್ಟಿಸಿದನೆಂದು ಪರಂಪರೆಯಿಂದ ಬಂದ ಪ್ರಸಿದ್ಧಿಯಿದೆ.

ಮಾಧವನೆಂಬ ಹೆಸರಿನ ಸಾಮ್ಯದಿಂದ ಇಬ್ಬರು ಮಹಾಪುರುಷರನ್ನು ಒಬ್ಬನೆಂದು ಭ್ರಮಿಸುವುದುಂಟು. ವೇದಭಾಷ್ಯಕಾರನಾದ ಸಾಯಣನ ಅಣ್ಣ ಮಾಧವಾಚಾರ್ಯನು ಮಾಯಣನ ಮಗನು, ಭಾರದ್ವಾಜ ಗೋತ್ರದವನು. ಮಾಧವಮಂತ್ರಿಯಾದರೋ ಚೌಂಡನ ಮಗನು, ಆಂಗಿರಸ ಗೋತ್ರದವನು, ಕಾಶೀವಿಲಾಸ ಕ್ರಿಯಾಶಕ್ತಿಯ ಶಿಷ್ಯನು. ಮಾರಪ್ಪ, ಬುಕ್ಕ, ಇಮ್ಮಡಿ ಹರಿಹರ ಇವರ ಕಾಲಗಳಲ್ಲಿ ಮಂತ್ರಿಪದವಿಯಲ್ಲಿದ್ದು ಪಶ್ಚಿಮ ಸಮುದ್ರದ ಕಡೆಯ ನಾಡನ್ನು ಗೆದ್ದು ಆಳಿದವನು. ಸೂತಸಂಹಿತೆಗೆ ತಾತ್ಪರ್ಯದೀಪಿಕೆಯೆಂಬ ವ್ಯಾಖ್ಯಾನವನ್ನು ಬರೆದ ವಿದ್ವಾಂಸನೂ ಹೌದು. ಕಟ್ಟೆಗೆ ಅಂಟಿಕೊಂಡು ಬಂದ ಹೆಸರು ಈ ಎರಡನೆಯವನದು. ಅಂತು ಈ ಕಟ್ಟೆಯು ಅವಿವೇಕಿಯ ಅಥವಾ ಲೋಭಿಯ ಕೆಲಸವೆಂದು ಯಾರೂ ಹೇಳುವಂತಿಲ್ಲ. ಅದರ ಹಿಂದೆ ವಿದ್ಯೆಯೂ ಅಧಿಕಾರವೂ ಪ್ರಜಾಹಿತದ ಸಂಕಲ್ಪವೂ ಕೂಡಿದ್ದುವು.

ಆ ಕಾಲದ ಜಲಶಾಸ್ತ್ರಜ್ಞರು ಎಷ್ಟು ಮುಂದಾಲೋಚನೆಯಿಂದ ಕೆಲಸ ಮಾಡುತ್ತಿದ್ದರೆಂಬುದಕ್ಕೆ ಸಮಕಾಲಿಕ ಪ್ರಮಾಣವೊಂದಿದೆ. ಒಂದನೆಯ ಬುಕ್ಕನ ಮಗನಾದ ಭಾಸ್ಕರನು ಕಡಪ ಪ್ರಾಂತದ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಶಾಸನವೇ ಆ ಪ್ರಮಾಣ. ಅದರ ಕಾಲ ಶಕವರ್ಷ ೧೨೯೧, ಎಂದರೆ ಕ್ರಿ. ಶ. ೧೩೬೯. ಪ್ರತಿದಿನ ಸಾವಿರ ಆಳುಗಳು ಎರಡು ವರ್ಷಕಾಲ ದುಡಿದು, ಕಲ್ಲು ಸಾಗಿಸಲು ನೂರು ಬಂಡಿಗಳನ್ನು ಹೂಡಿ, ಆ ಕೆರೆಯನ್ನು ಮುಗಿಸಿದರೆಂದು ಅಲ್ಲಿ ಹೇಳಿದೆ. ಅದಕ್ಕಿಂತಲೂ ಬೆಲೆಯುಳ್ಳದ್ದು ಶಾಸನದಲ್ಲಿ ಎಣಿಸಿರುವ ಲಕ್ಷಣಗಳ ಪಟ್ಟಿ. ಉತ್ತಮವಾದ ಕೆರೆಗೆ ಹನ್ನೆರಡು ಅಂಗಗಳು ಇರಬೇಕು: ಧರ್ಮಿಷ್ಠನೂ ಧನಿಕನೂ ಆದ ಒಡೆಯ, ಜಲಶಾಸ್ತ್ರವನ್ನು ಬಲ್ಲ ಪಂಡಿತ, ಗಟ್ಟಿಯಾದ ನೆಲ, ದೂರದಿಂದ ಹರಿದು ಬರುವ ಸಿಹಿನೀರಿನ ಹೊಳೆ, ಒತ್ತಾಗಿ ಕಲ್ಲು ಕಟ್ಟಿದ ಏರಿ, ಸಮೀಪದಲ್ಲಿ ಕಲ್ಲಿನ ಗಣಿ, ಕೆಲಸದಲ್ಲಿ ನುರಿತ ಆಳುಗಳು ಮೊದಲಾದುವು. ಆರು ದೋಷಗಳನ್ನು ವರ್ಜಿಸಬೇಕು: ಏರಿಯಿಂದ ನೀರು ಸೋರುವುದು, ಚೌಳುನೆಲ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು, ಕೆರೆಯಂಗಳದ ನಡುವೆ ನೆಲ ಉಬ್ಬಿರುವುದು, ನೀರು ಸ್ವಲ್ಪವಾಗಿ ಭೂಮಿ ವಿಸ್ತಾರವಾಗಿರುವುದು, ನೀರು ಬಹಳವಾಗಿ ಭೂಮಿ ಸ್ವಲ್ಪವಾಗಿರುವುದು.

ಈ ದೋಷಪಟ್ಟಿಯನ್ನು ವಿಮರ್ಶಿಸಿದರೆ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಇದನ್ನು ಬರೆದವರ ದೃಷ್ಟಿ ಸಾಮಾನ್ಯವಾದುದಲ್ಲ. ಗಡಿಯಲ್ಲಿ ಕಟ್ಟಿದ ಕೆರೆಯಿಂದ ಮುಂದೆ ಇಬ್ಬರು ಅರಸರಿಗೆ ಜಗಳ ಹುಟ್ಟಬಹುದೆಂಬುದನ್ನೂ ಅವರು ಎಣಿಸಿದ್ದಾರೆ. ಮಣ್ಣುಕಲ್ಲುಗಳನ್ನು ಮಾತ್ರ ನೋಡದೆ ರಾಜನೀತಿಯನ್ನೂ ನೋಡಿದ್ದಾರೆ. ಎರಡನೆಯದಾಗಿ, ಆರು ದೋಷಗಳೂ ಕೆರೆಗೆ ಅಥವಾ ಕೆರೆಯಿಂದ ನೀರುಣ್ಣುವ ಭೂಮಿಗೆ ಸಂಬಂಧಪಟ್ಟುವು. ನೀರನ್ನು ತಡೆದ ಸ್ಥಳದಿಂದ ಕೆಳಕ್ಕೆ ಹರಿವ ಹೊಳೆಯ ಪಾತ್ರಕ್ಕೆ ಏನಾಗುವುದೆಂಬ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ. ಕೆರೆಯ ಲಕ್ಷಣವನ್ನು ಹೊಳೆಯ ಕಟ್ಟೆಗೆ ಪೂರ್ಣವಾಗಿ ಅನ್ವಯಿಸಲಾಗದೆಂಬುದು ನಿಜ. ಆದರೂ ಆ ಯುಗದ ಅತ್ಯುತ್ತಮವಾದ ಜಲವಿದ್ಯೆಯು ಎಲ್ಲಿಯವರೆಗೆ ನೋಡುತ್ತಿದ್ದಿತು, ಎಲ್ಲಿ ನೋಟವನ್ನು ನಿಲ್ಲಿಸುತ್ತಿದ್ದಿತು ಎಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ. ಯೋಜನೆಯಲ್ಲಿ ಅಜಾಗರೂಕತೆಯಿರಲಿಲ್ಲ, ಅದರ ಎಲ್ಲೆಯು ಅಚ್ಚುಕಟ್ಟಿನ ಎಲ್ಲೆಯೇ ಆಗಿದ್ದಿತು. ತಲಕಾಡಿನ ಹಳೆಯ ಪಟ್ಟಣವು ಆ ಎಲ್ಲೆಯ ಹೊರಗೆ, ಹೊಳೆಯ ದಂಡೆಯ ಮೇಲೆ, ನಿಂತಿದ್ದಿತು.

೪

ಮರಳಿನ ಕಾರ್ಯಕಾರಣಗಳನ್ನು ಕ್ರಮವಾಗಿ ನೋಡಬೇಕು. ಕಾವೇರಿಯು ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು, ಎರಡು ಹೊಳೆಗಳ ಮರಳನ್ನೂ ಹೊತ್ತು ಪೂರ್ವಾಭಿಮುಖವಾಗಿ ಬಂದು, ತಲಕಾಡಿನ ಬಳಿ ಬಾಗಿ ತಿರುಗುತ್ತದೆ. ತಿರುವಿನಲ್ಲಿ ಹರಿಯುವ ಯಾವ ಹೊಳೆಗೂ ಒಂದು ಸ್ವಭಾವವುಂಟು. ಹೊರಬಾಗಿನ ದಡಕ್ಕೆ ಪ್ರವಾಹವು ರಭಸದಿಂದ ತಾಗಿ ಅದನ್ನು ಕೊರೆಯುತ್ತದೆ, ಅಲ್ಲಿ ಮಡುವಾಗುತ್ತದೆ. ಒಳಬಾಗಿನ ದಡದಲ್ಲಿ ನೀರಿನ ವೇಗ ತಗ್ಗುವುದರಿಂದ ಹೊತ್ತು ತಂದ ಮರಳು ಅಲ್ಲಿ ನಿಲ್ಲುತ್ತದೆ. ತಲಕಾಡಿನ ಕಡೆ ಮರಳದಂಡೆಯೂ ಎದುರಿನ ಮಾಲಂಗಿಯ ಕಡೆ ಮಡುವೂ ಇರುವುದು ಈ ಸ್ವಭಾವಕ್ಕೆ ಅನುಗುಣವಾಗಿಯೇ ಇದೆ. ಇವು ಎರಡು ವಿಚಿತ್ರಗಳಲ್ಲ, ಒಂದೇ ಪ್ರವಾಹದ ಎರಡು ಮುಖಗಳು.

ಹೊಳೆಯು ತುಂಬಿ ಹರಿಯುವವರೆಗೆ ಆ ಮರಳು ನೀರಿನ ಕೆಳಗೆ ಒದ್ದೆಯಾಗಿ ಬಿದ್ದಿರುತ್ತದೆ, ಗಾಳಿಗೆ ವಶವಾಗುವುದಿಲ್ಲ. ಮೇಲುಗಡೆ ಕಟ್ಟೆ ಬಿದ್ದು ನೀರಿನ ಒಂದು ಪಾಲು ಕಾಲುವೆಗೆ ತಿರುಗಿದಾಗ ಕೆಳಗಣ ಪಾತ್ರದಲ್ಲಿ ಹರಿವು ಕುಗ್ಗುತ್ತದೆ. ಬೇಸಗೆಯಲ್ಲಿ ಮರಳು ವಿಸ್ತಾರವಾಗಿ ಬಯಲಾಗಿ ಒಣಗುತ್ತದೆ. ಹೊಳೆ ಮತ್ತೆ ತುಂಬುವ ಮೊದಲೇ ನೈರುತ್ಯದ ಗಾಳಿ ಬಲವಾಗಿ ಬೀಸತೊಡಗುತ್ತದೆ. ಒಣಮರಳು ಎದ್ದು ಎಡದಂಡೆಯ ಊರಿನ ಮೇಲೆ ಬೀಳುತ್ತದೆ. ದಂಡೆಯಲ್ಲಿ ಮರಗಿಡಗಳು ದಟ್ಟವಾಗಿದ್ದರೆ ಅವು ಮರಳನ್ನು ತಡೆಯುತ್ತಿದ್ದುವು. ದೊಡ್ಡ ಪಟ್ಟಣದ ಸೌದೆಗೂ ತೊಲೆಗೂ ಸಾಗುವಳಿಗೂ ದಂಡೆಯ ಕಾಡು ಸವೆದಂತೆಲ್ಲ ಆ ತಡೆಯೂ ಹೋಗುತ್ತದೆ. ಈಚಿನ ದಶಕಗಳಲ್ಲಿ ಕೃಷಿವಿಜ್ಞಾನಿಗಳೂ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯನವರು ತಲಕಾಡಿನ ಮರಳನ್ನು ಪರಿಶೀಲಿಸಿ, ಈ ಕಟ್ಟೆಯನ್ನೂ ಪರಿಸರದ ಮಾರ್ಪಾಡನ್ನೂ ಮುಂದಿಟ್ಟು ಶಾಪದ ಕಥೆಯನ್ನು ವಿವರಿಸಿದ್ದಾರೆ.

ಇಲ್ಲಿ ನೈಯಾಯಿಕರ ವಿವೇಕವನ್ನು ಅನುಸರಿಸುವುದು ಯುಕ್ತ. ಕಾರ್ಯವು ಒಂದೇ ಕಾರಣದಿಂದ ಹುಟ್ಟುವುದಿಲ್ಲ, ಕಾರಣಸಾಮಗ್ರಿಯಿಂದ ಹುಟ್ಟುತ್ತದೆ ಎಂದು ಅವರ ಮತ. ಹೊಳೆಯ ತಿರುವು, ಎರಡು ನದಿಗಳ ಮರಳು, ನೈರುತ್ಯ ಮಾರುತ, ಬರಿದಾದ ದಂಡೆ, ಕಟ್ಟೆ ಇವೆಲ್ಲವೂ ಕೂಡಿದಾಗ ಸಾಮಗ್ರಿಯು ಪೂರ್ಣವಾಗುತ್ತದೆ. ತಿರುವೂ ಗಾಳಿಯೂ ಗಂಗರ ಕಾಲದಲ್ಲಿಯೂ ಇದ್ದುವು. ಆಗ ಪಟ್ಟಣವು ರಾಜಧಾನಿಯಾಗಿ ಬಾಳಿತು. ಆದುದರಿಂದ ಅವು ಮಾತ್ರವೇ ಸಾಲವು. ಕಟ್ಟೆಯು ಇತರ ಹೊಳೆಗಳಲ್ಲಿಯೂ ಉಂಟು. ಅಲ್ಲೆಲ್ಲ ಊರುಗಳು ಹೂತುಹೋಗಲಿಲ್ಲ. ಆದುದರಿಂದ ಕಟ್ಟೆಯೊಂದೇ ಸಾಲದು. ಮೊದಲೇ ಇದ್ದ ಸ್ವಾಭಾವಿಕ ಕಾರಣಗಳಿಗೆ ಮನುಷ್ಯನು ತಂದು ಸೇರಿಸಿದ ಸಹಕಾರಿಕಾರಣವೇ ಕಟ್ಟೆ. ಅದನ್ನು ತಂದವನು ಉಳಿದ ಕಾರಣಗಳನ್ನು ಕರೆದಿರಲಿಲ್ಲ. ಆದರೆ ಅವು ಅಲ್ಲಿಯೇ ಕಾದಿದ್ದುವು.

೫

ಜನರ ಬಾಯಲ್ಲಿರುವ ಕಾರಣವು ಇದಲ್ಲ. ಮರಳಿಗೆ ಒಬ್ಬ ಸ್ತ್ರೀಯ ಶಾಪವೇ ಮೂಲವೆಂದು ಐತಿಹ್ಯವು ಸಾರುತ್ತದೆ. ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣದಲ್ಲಿದ್ದ ತಿರುಮಲರಾಜನು ಬೆನ್ನುಫಣಿಯ ರೋಗದಿಂದ ನರಳಿ, ವೈದ್ಯೇಶ್ವರನ ಸೇವೆಗೆಂದು ತಲಕಾಡಿಗೆ ಬಂದನು. ೧೬೧೦ರಲ್ಲಿ ಶ್ರೀರಂಗಪಟ್ಟಣವು ಮೈಸೂರಿನ ರಾಜ ಒಡೆಯರ ವಶವಾಯಿತು. ಅವನ ಪತ್ನಿಯಲ್ಲಿದ್ದ ಬೆಲೆಬಾಳುವ ಒಡವೆಗಳಿಗಾಗಿ ಒಡೆಯರು ಆಳುಗಳನ್ನು ಅಟ್ಟಿದಾಗ, ಆಕೆಯು ತಲಕಾಡಿನ ಎದುರಿಗೆ ಮಾಲಂಗಿಯ ಬಳಿ ಕಾವೇರಿಗೆ ಹಾರಿ ಪ್ರಾಣಬಿಟ್ಟಳು. ಸಾಯುವ ಮುನ್ನ ತಲಕಾಡು ಮರಳಾಗುವಂತೆಯೂ ಮಾಲಂಗಿ ಮಡುವಾಗುವಂತೆಯೂ ಮೈಸೂರಿನ ಅರಸರಿಗೆ ಸಂತಾನವಿಲ್ಲದಾಗುವಂತೆಯೂ ಶಪಿಸಿದಳು. ಗ್ಯಾಸೆಟಿಯರಿನಲ್ಲಿ ಆಕೆಯನ್ನು ರಂಗಮ್ಮನೆಂದು ಕರೆದಿದೆ. ಮೈಸೂರು ಸೀಮೆಯಲ್ಲಿ ಅಲಮೇಲಮ್ಮನೆಂಬ ಹೆಸರೇ ಪ್ರಸಿದ್ಧ.

ಈ ಕಥೆಯಲ್ಲಿ ಕಾಲದ ತೊಡಕುಂಟು. ಶ್ರೀರಂಗಪಟ್ಟಣವು ಕೈಸೇರಿದ್ದು ೧೬೧೦ರಲ್ಲಿ. ತಲಕಾಡು ಮೈಸೂರಿಗೆ ಸೇರಿದ್ದು ೧೬೩೪ರಲ್ಲಿ ಎಂದು ಗ್ಯಾಸೆಟಿಯರು ಹೇಳುತ್ತದೆ. ಹಾಗಾದರೆ ಶಾಪದ ಕಾಲಕ್ಕೆ ತಲಕಾಡು ರಾಜ ಒಡೆಯರ ಸ್ವತ್ತೇ ಆಗಿರಲಿಲ್ಲ. ಶತ್ರುವಿನದಲ್ಲದ ಊರನ್ನು, ಅದರಲ್ಲಿಯೂ ತನ್ನ ಗಂಡನು ಆಶ್ರಯಿಸಿದ ದೇವರ ಕ್ಷೇತ್ರವನ್ನು, ಆಕೆಯು ಏಕೆ ಶಪಿಸಬೇಕು? ಇನ್ನು ಶಾಪದ ಮೂರು ಭಾಗಗಳಲ್ಲಿ ಮೊದಲಿನ ಎರಡು, ಮೇಲೆ ವಿವರಿಸಿದಂತೆ, ಒಂದೇ ಪ್ರವಾಹದ ಎರಡು ಮುಖಗಳು. ಅವು ಕೂಡಿಯೇ ಇರತಕ್ಕುವು. ಮೂರನೆಯದು ಮಾತ್ರ ಬೇರೆ ಜಾತಿಯದು. ಅದೂ ಸರ್ವತ್ರ ಸಲ್ಲುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡ ಚಾಮರಾಜ ಒಡೆಯರಿಗೆ ಔರಸಪುತ್ರರಾಗಿ ನಾಲ್ವಡಿ ಕೃಷ್ಣರಾಜ ಒಡೆಯರು ಹುಟ್ಟಿದರು. ಶಾಪದ ವಾಕ್ಯವು ಫಲಗಳನ್ನು ಮುಂಗಂಡು ಹೇಳಿದ ಮಾತಾಗಿರದೆ, ಕಣ್ಣೆದುರಿಗೆ ಇದ್ದ ಫಲಗಳನ್ನು ಕೂಡಿಸಿ ಒಂದು ಸೂತ್ರದಲ್ಲಿ ಪೋಣಿಸಿದ ಮಾತೆಂದು ತಿಳಿಯುವುದೇ ಸರಳವಾದ ಅನ್ವಯ.

ನ್ಯಾಯಸಿದ್ಧಾಂತಮುಕ್ತಾವಳಿಯಲ್ಲಿ ಅನ್ಯಥಾಸಿದ್ಧವೆಂಬುದಕ್ಕೆ ಕುಂಬಾರನ ಕತ್ತೆಯನ್ನು ಉದಾಹರಿಸಿದ್ದಾರೆ. ಮಡಕೆಯ ಉತ್ಪತ್ತಿಗೆ ಮೊದಲು ಕತ್ತೆಯು ಅಲ್ಲಿ ಇದ್ದರೂ ಅದು ಮಡಕೆಗೆ ಕಾರಣವಲ್ಲ. ಈ ದೃಷ್ಟಿಯಿಂದ ಶಾಪವು ಮರಳಿಗೆ ಅನ್ಯಥಾಸಿದ್ಧವೇ ಸರಿ. ಆದರೆ ಅಷ್ಟು ಹೇಳಿ ಐತಿಹ್ಯವನ್ನು ತಳ್ಳಿಹಾಕಿದರೆ ಚರಿತ್ರಕಾರನ ಕೆಲಸವು ಅರ್ಧಕ್ಕೆ ನಿಲ್ಲುತ್ತದೆ. ಮರಳನ್ನು ಜನರು ದೈವದ ಕೋಪವೆಂದೋ ಕಲಿಕಾಲದ ಮಹಿಮೆಯೆಂದೋ ಹೇಳಿ ಸುಮ್ಮನಾಗಬಹುದಾಗಿತ್ತು. ಹಾಗೆ ಹೇಳದೆ, ಇದರ ಮೂಲದಲ್ಲಿ ಮನುಷ್ಯನು ಮಾಡಿದ ಒಂದು ಕರ್ಮವಿದೆ ಎಂದರು. ಈ ತಿಳಿವಳಿಕೆಯಲ್ಲಿ ತಪ್ಪಿಲ್ಲ. ತಪ್ಪಿದ್ದು ಕರ್ತೃವಿನ ಗುರುತಿನಲ್ಲಿ.

೬

ಕರ್ತೃವಿನ ಗುರುತು ಏಕೆ ತಪ್ಪಿತು? ಕಟ್ಟೆಗೂ ಮರಳಿನ ಹಾವಳಿಗೂ ನಡುವೆ ತಲೆಮಾರುಗಳ ಅಂತರವಿದ್ದುದೇ ಇದಕ್ಕೆ ಮುಖ್ಯ ಹೇತು. ಕಟ್ಟೆಯನ್ನು ಕಟ್ಟಿದ ವರ್ಷದಲ್ಲಿಯೇ ಊರಿನ ಮೇಲೆ ಮರಳು ಬಿದ್ದಿದ್ದರೆ ರೈತನಾದರೂ ಕಾರಣವನ್ನು ಕಂಡುಕೊಳ್ಳುತ್ತಿದ್ದನು. ಬೆರಳಗಲ, ಗೇಣಗಲ, ಅಡಿಗಲ ಬಂದ ಮರಳನ್ನು ಮೊದಲ ತಲೆಮಾರಿನವರು ಗುಡಿಸಿ ಹಾಕಿದ್ದಾರು. ದಿಬ್ಬವು ಕಂಡ ವೇಳೆಗೆ ಮಾಧವಮಂತ್ರಿಯು ಗದ್ದೆಗೆ ನೀರು ತಂದ ಪುಣ್ಯಪುರುಷನಾಗಿದ್ದನು. ಅನ್ನ ಕೊಟ್ಟ ಕಟ್ಟೆಯನ್ನು ಅಪರಾಧಿಯೆಂದು ಯಾರು ಶಂಕಿಸಿಯಾರು? ಹೀಗೆ ತಬ್ಬಲಿಯಾಗಿ ನಿಂತ ಫಲಕ್ಕೆ ಒಬ್ಬ ಕರ್ತೃವು ಬೇಕಾದಾಗ, ನಾಡಿನ ನೆನಪಿನಲ್ಲಿ ಹಸಿಯಾಗಿದ್ದ ದೊಡ್ಡ ದುಃಖವು, ಎಂದರೆ ಹೊಳೆಗೆ ಹಾರಿದ ವಿಧವೆಯ ಕಥೆಯು, ಆ ಸ್ಥಾನವನ್ನು ತುಂಬಿತು.

ಇನ್ನೊಂದು ಅಂಶವೂ ಗಮನಾರ್ಹ. ಐತಿಹ್ಯದ ಒಂದು ಪಾಠದ ಪ್ರಕಾರ ಅಲಮೇಲಮ್ಮನ ಒಡವೆಗಳು ಮಂಗಳವಾರ ಶುಕ್ರವಾರಗಳಲ್ಲಿ ಶ್ರೀರಂಗಪಟ್ಟಣದ ರಂಗನಾಯಕಿಯ ಅಲಂಕಾರಕ್ಕೆ ಸಲ್ಲುತ್ತಿದ್ದುವು. ಅವು ದೇವಿಗೆ ತಪ್ಪಿಹೋಗದಿರಲೆಂದೇ ರಾಜ ಒಡೆಯರು ಅವನ್ನು ಕೇಳಿಸಿದರು. ಆ ಬೇಡಿಕೆಯ ಉದ್ದೇಶವು ದೇವತಾಸೇವೆ, ಪರ್ಯವಸಾನವು ಸ್ತ್ರೀಹತ್ಯೆ. ಅದನ್ನು ಒಡೆಯರು ಬಯಸಿರಲಿಲ್ಲ. ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ವಿಗ್ರಹಕ್ಕೆ ಪೂಜೆ ಸಲ್ಲುತ್ತ ಬಂದಿರುವುದು ಆ ಅನುತಾಪದ ಗುರುತು. ಆದುದರಿಂದ ಶಾಪದ ಕಥೆಯೂ ತನ್ನಷ್ಟಕ್ಕೆ ಸದುದ್ದೇಶದ ದುಷ್ಫಲದ ಕಥೆಯೇ ಆಗಿದೆ. ಕಟ್ಟೆಯ ಇತಿಹಾಸವನ್ನು ಮರೆತ ಜನರು ಅದರ ಬದಲಿಗೆ ಇಟ್ಟ ಕಥೆಯು ಅದೇ ಆಕಾರದ್ದು: ಒಳ್ಳೆಯದನ್ನು ಬಯಸಿ ಒಬ್ಬನು ಕೈಯಿಕ್ಕಿದನು, ಬಯಸದ ಕೇಡು ಬಂದಿತು, ಕೇಡನ್ನು ಉಂಡವರು ಬೇರೆಯವರು. ವಸ್ತುವು ಬದಲಾಯಿತು, ತತ್ತ್ವವು ಉಳಿಯಿತು.

ಕಾಲದ ಅಂತರವು ಕಡಮೆಯಾಗಿ, ಬರಹದ ಸಾಕ್ಷ್ಯವೂ ಇದ್ದಲ್ಲಿ ಹೀಗಾಗುವುದಿಲ್ಲವೆಂಬುದಕ್ಕೆ ಅದೇ ಕಾವೇರಿಯ ಮೇಲಣ ಮತ್ತೊಂದು ಕಾರ್ಯವು ನಿದರ್ಶನ. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದಿಂದ ಮಂಡ್ಯದ ಬಯಲಿಗೆ ನೀರು ತಂದ ನಾಲೆಯು ಮೊದಲು ಇರ್ವಿನ್ ನಾಲೆಯೆಂದೂ ತರುವಾಯ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾಯಿತು. ರಾಗಿಯ ಹೊಲಗಳು ಬತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ಆದುವು. ಅದರ ಬೆನ್ನಿಗೇ, ನಿಂತ ನೀರಿನಲ್ಲಿ ಸೊಳ್ಳೆ ಹೆಚ್ಚಿ ಮಲೇರಿಯಾ ಜ್ವರವು ಆ ಸೀಮೆಯನ್ನು ಕಾಡಿತು. ಆದರೆ ನಾಲೆಯನ್ನು ತೆಗೆಸಿದವರೂ ಜ್ವರದಲ್ಲಿ ನರಳಿದವರೂ ಒಂದೇ ಕಾಲದವರು. ವೈದ್ಯರು ಕಾ‌ರಣವನ್ನು ಹಿಡಿದರು, ಸರ್ಕಾರವು ಪ್ರತೀಕಾರಕ್ಕೆ ತೊಡಗಿತು. ಮಂಡ್ಯದ ಜ್ವರಕ್ಕೆ ಯಾವ ರಾಣಿಯ ಶಾಪವೂ ಬೇಕಾಗಲಿಲ್ಲ. ಕಾರಣವನ್ನು ಬರೆದಿಟ್ಟ ಕಡೆ ಪರಿಹಾರವುಂಟು. ಮರೆತ ಕಡೆ ಪುರಾಣವುಂಟು.

೭

ಇಷ್ಟರಿಂದ ಮಾಧವಮಂತ್ರಿಯ ಕಟ್ಟೆಯು ಅಕಾರ್ಯವೆಂದು ತೀರ್ಮಾನಿಸಬಹುದೆ? ಹಾಗೆ ತೀರ್ಮಾನಿಸುವವರು ಗ್ಯಾಸೆಟಿಯರಿನಲ್ಲಿರುವ ಇನ್ನೊಂದು ಸಂಗತಿಯನ್ನು ಮರೆಯಬಾರದು. ಮರಳಿನ ಹಾವಳಿಯನ್ನು ಬಣ್ಣಿಸಿದ ಬಳಿಕ, ಊರಿನ ಜನಸಂಖ್ಯೆ ಹೆಚ್ಚುತ್ತಿದೆಯೆಂದೂ, ಮಾಧವಮಂತ್ರಿಯ ಕಟ್ಟೆಯ ಕಾಲುವೆಯಿಂದ ನೀರುಣ್ಣುವ ಫಲವತ್ತಾದ ಗದ್ದೆಗಳೇ ಇದಕ್ಕೆ ಕಾರಣವೆಂದೂ ಅಲ್ಲಿಯೇ ಹೇಳಿದೆ. ಮನೆಯನ್ನು ಬಿಟ್ಟು ಸರಿದವರು ಊರನ್ನು ಬಿಟ್ಟು ಹೋಗಲಿಲ್ಲ. ಅವರನ್ನು ಓಡಿಸಿದ ಕಟ್ಟೆಯೇ ಅವರನ್ನು ಅಲ್ಲಿ ಕಟ್ಟಿಹಾಕಿತು. ಬತ್ತದ ಕಟ್ಟಿನೊಡನೆ ಹುಲ್ಲಿನ ಭಾರವನ್ನು ಹೊತ್ತವನ ಹಾಗೆ ಅವರು ಗದ್ದೆಯೊಡನೆ ಮರಳನ್ನೂ ಹೊತ್ತರು. ಪತಂಜಲಿಯ ಎರಡು ದೃಷ್ಟಾಂತಗಳೂ ತಲಕಾಡಿನಲ್ಲಿ ಒಂದಾಗಿ ಕೂಡಿವೆ.

ಮರಳಿಗೂ ಒಂದು ಕುಲ್ಯಾನ್ಯಾಯವುಂಟು. ಊರನ್ನು ಹಾಳುಮಾಡಿದ ಮರಳು ದೇವಾಲಯಗಳನ್ನು ಮುಚ್ಚಿ ಕಾಪಾಡಿತು. ಕೀರ್ತಿನಾರಾಯಣನ ಆಲಯವನ್ನು ಅಗೆದು ತೆಗೆದ ಸಂಗತಿಯು ೧೯೦೮ರ ಇಂಪೀರಿಯಲ್ ಗ್ಯಾಸೆಟಿಯರಿನಲ್ಲಿಯೇ ಸೇರಿದೆ. ತರುವಾಯ ೧೯೯೨–೯೩ರಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆಯವರು ನಡೆಸಿದ ಉತ್ಖನನದಿಂದ ಮರಳಿನ ಅಡಿಯ ಹಳೆಯ ವಸತಿಯು ಮತ್ತಷ್ಟು ಬೆಳಕಿಗೆ ಬಂದಿತು. ಬಯಲಿನಲ್ಲಿ ನಿಂತಿದ್ದರೆ ಕಲ್ಲಿಗೆ ಕಲ್ಲಾಗಿ ಚದರಿಹೋಗಬಹುದಾಗಿದ್ದುದನ್ನು ಮರಳು ವಿದ್ವಾಂಸರಿಗಾಗಿ ಉಳಿಸಿಕೊಟ್ಟಿತು. ಇದನ್ನು ಗಾಳಿಯೂ ಸಂಕಲ್ಪಿಸಲಿಲ್ಲ, ಮಾಧವಮಂತ್ರಿಯೂ ಸಂಕಲ್ಪಿಸಲಿಲ್ಲ.

ಆದುದರಿಂದ ಇಲ್ಲಿ ನಿಂದೆಗಾಗಲಿ ಸ್ತುತಿಗಾಗಲಿ ಅವಕಾಶವು ಅಲ್ಪ. ಪೋರುಮಾಮಿಳ್ಳದ ಶಾಸನವು ಎಣಿಸಿದ ಆರು ದೋಷಗಳು ಆ ಕಾಲದವರಿಗೆ ಅನುಭವದಿಂದ ತಿಳಿದುಬಂದುವು. ಕಟ್ಟೆಯ ಕೆಳಗಣ ಹೊಳೆಗೆ ಆಗುವ ಕೇಡು ಏಳನೆಯ ದೋಷವಾಗಿ ಅದೇ ಪಟ್ಟಿಗೆ ಸೇರತಕ್ಕದ್ದಾಗಿತ್ತು. ಅದಕ್ಕೆ ಬೇಕಾದ ಅನುಭವವು ತಲಕಾಡಿನ ಮನೆಗಳ ಮೇಲೆ ಅಡಿಯಡಿಯಾಗಿ ಬಂದು ಬಿದ್ದಿತು. ಆದರೆ ಅದು ಶಾಸ್ತ್ರಕ್ಕೆ ಸೇರದೆ ಶಾಪಕ್ಕೆ ಸೇರಿತು. ಸೂತ್ರವಾಗಬಹುದಾಗಿದ್ದ ಅನುಭವವು ಕಥೆಯಾದುದರಿಂದ, ಮುಂದೆ ಕಟ್ಟೆ ಕಟ್ಟುವವರಿಗೆ ಅದು ಉಪದೇಶವಾಗಿ ಒದಗಲಿಲ್ಲ. ತಲಕಾಡಿನ ನಷ್ಟಗಳಲ್ಲಿ ಇದೂ ಒಂದು. ಮರಳನ್ನು ಅಗೆದು ದೇವಾಲಯವನ್ನು ತೆಗೆದಂತೆ, ಐತಿಹ್ಯವನ್ನು ಅಗೆದು ಈ ಏಳನೆಯ ದೋಷವನ್ನು ಹೊರತೆಗೆಯುವುದು ಚರಿತ್ರಕಾರರ ಕೆಲಸ.